ಗೆಸಾರೆ ಕೊಂಡ ಡ್ರಿಲ್ ಮಷೀನು

ಪೆಟ್ಟಿಗೆ ಗೆಸಾರೆಯದು. ಅದನ್ನು ಬಿಚ್ಚಲು ಕೂತವರು ಏಳು ಜನ ಗಂಡಸರು. ಆ ಏಳು ಜನಕ್ಕೂ ಚಹಾ ಆಗಬೇಕಿತ್ತು.

ಅಡುಗೆ ಗುಡಿಸಲಿನಲ್ಲಿ ಹೊಗೆ ತುಂಬಿತ್ತು. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ನಾಳೆಗೆಂದು ಬೇಯಲು ಇಟ್ಟ ಕಾಳು. ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ತಬಾಕಾ ಊರಿನ ಹೆಂಗಸರಿಗೆ ಶುಕ್ರವಾರವೆಂದರೆ ಒಂದರಲ್ಲಿ ಎರಡು ದಿನ. ಶನಿವಾರ ಸಬ್ಬತ್ತು, ದೇವರು ವಿಶ್ರಾಂತಿ ತೆಗೆದುಕೊಂಡ ದಿನ, ಅವತ್ತು ಯಾರೂ ಕೆಲಸ ಮಾಡಬಾರದು. ಯಾರೂ ಕೆಲಸ ಮಾಡದೆ ಎಲ್ಲರ ಹೊಟ್ಟೆಯೂ ತುಂಬಬೇಕಾದರೆ ಒಬ್ಬಳು ಹಿಂದಿನ ದಿನವೇ ಎರಡು ದಿನದ ನೀರು ಹೊತ್ತು, ಎರಡು ದಿನದ ಸೊಪ್ಪು ಸೋಸಿ, ಚರ್ಚಿಗೆ ಹಾಕುವ ಅಂಗಿಗಳಿಗೆ ಇಸ್ತ್ರಿ ತಿಕ್ಕಿ, ಹೊತ್ತು ಮುಳುಗಿ ಸಬ್ಬತ್ತು ಶುರುವಾಗುವುದರೊಳಗೆ ಕೈ ತೊಳೆದುಕೊಂಡಿರಬೇಕು. ದೇವರ ಆ ವಿಶ್ರಾಂತಿಗೆ ಇಷ್ಟು ದುಡಿಮೆ ತಗಲುತ್ತದೆಂದು ಪಾದ್ರಿ ಒಂದು ದಿನವೂ ಹೇಳಿದವನಲ್ಲ.

"ಒಸೆಬೆ ಅಮ್ಮಾ! ಚಹಾ ಎಲ್ಲಿಗೆ ಬಂತು?" ಹೊರಗಿನಿಂದ ಒಂಬಾಟಿ ಕೂಗಿದ. ಗೆಸಾರೆಯ ಗಂಡ. ಒಸೆಬೆ ಅವರ ಒಬ್ಬಳೇ ಮಗಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

"ಹಾಲು ಉಕ್ಕಬೇಕಲ್ಲ, ನಾನು ಉಕ್ಕಿದ್ರೆ ಸಾಕಾ?" ಅಂದಳು ಗೆಸಾರೆ. ಹೊರಗೆ ಯಾರೋ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ.

ಬಾಗಿಲ ಹೊರಗಿನಿಂದಲೇ ಒಂದು ಹರಿದ ರಟ್ಟಿನ ಕಂತೆ ಒಳಗೆ ಬಂದು ಬಿತ್ತು. ಎಸೆದವನು ಸಾಗ್ವೆ, ಒಂಬಾಟಿಯ ಅಣ್ಣ. "ತಗೊಳಮ್ಮ, ಒಲೆಗೆ ಹಾಕ್ಕೋ. ನಿನ್ನ ಮಷೀನಿನಿಂದ ನಿನಗೂ ಒಂದು ಉಪಕಾರ ಆಯ್ತು" ಎಂದು ಹೇಳಿ ಅವನು ತಿರುಗಿ ಹೋದ.

ಗೆಸಾರೆ ರಟ್ಟನ್ನು ಒಲೆಗೆ ತುರುಕಲು ಎತ್ತಿಕೊಂಡಳು. ನಡುವೆ ಮಡಚಿದ ಒಂದು ಹಾಳೆ ಇತ್ತು. ಅಕ್ಷರಗಳು ಚೀನಾದವು. ಚಿತ್ರಗಳು ಯಾರಿಗಾದರೂ ಅರ್ಥವಾಗುವಂಥವು. ಅವಳು ಆ ಹಾಳೆಯನ್ನು ಮಾತ್ರ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಮಿಕ್ಕ ರಟ್ಟನ್ನು ಒಲೆಗೆ ಹಾಕಿದಳು. ಹಾಲು ಉಕ್ಕಿತು.

ಗೆಸಾರೆ ಈ ಮನೆಗೆ ಬಂದು ಹದಿನೆಂಟು ವರ್ಷ. ಮದುವೆಯಾದ ಮೂರನೇ ದಿನ ಅತ್ತೆ ಅವಳ ಮುಂದೆ ನೀರು ತುಂಬಿದ ಒಂದು ಬೇಸಿನ್ನು ಇಟ್ಟು, ಕೈಗೆ ಉಜ್ಜುಕಾಗದ ಕೊಟ್ಟಿದ್ದಳು. ಈ ಊರಿನಲ್ಲಿ ಬಳಪದ ಕಲ್ಲನ್ನು ಅಗೆದು ತೆಗೆಯುವವರು ಗಂಡಸರು, ಕೆತ್ತುವವರೂ ಗಂಡಸರು. ಕೆತ್ತಿದ ಆನೆ, ಜಿರಾಫೆ, ಬಟ್ಟಲು, ದೀಪಕಂಬ ಎಲ್ಲವೂ ಮೈತುಂಬ ಉಳಿಯ ಗೀರು ಹೊತ್ತು ಹೆಂಗಸರ ಬೇಸಿನ್ನಿಗೆ ಬೀಳುತ್ತವೆ. ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ. ಮೂರು ಸಲ ಉಜ್ಜಿ, ಒಣಗಿಸಿ, ಮೇಣ ತಿಕ್ಕಬೇಕು. ಕೆತ್ತಿದವನು ತಳದಲ್ಲಿ ತನ್ನ ಹೆಸರು ಗೀಚಿರುತ್ತಾನೆ. ಆ ಹೆಸರು ಸವೆಯದ ಹಾಗೆ ಅದರ ಸುತ್ತ ಹುಷಾರಾಗಿ ಉಜ್ಜುವುದೂ ಹೆಂಗಸಿನ ಕೆಲಸವೇ. ಒಂದು ಆನೆ ಕೆತ್ತಲು ಒಂಬಾಟಿಗೆ ಒಂದು ಗಂಟೆ. ಅದು ಹೊಳೆಯಬೇಕಾದರೆ ಗೆಸಾರೆಗೆ ಮೂರು ಗಂಟೆ. ಯಾರಾದರೂ ಕೇಳಿದರೆ ಒಂಬಾಟಿ, "ನಮ್ಮವಳು ಸ್ವಲ್ಪ ಸಹಾಯ ಮಾಡ್ತಾಳೆ" ಅನ್ನುತ್ತಿದ್ದ.

ಸಹಾಯ! ಆ ಮಾತು ಕೇಳಿದಾಗಲೆಲ್ಲ ಗೆಸಾರೆಗೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು.

ಎರಡು ವರ್ಷದ ಹಿಂದೆ ಅತ್ತೆ ಗುರುತಿನ ಚೀಟಿ ಹೊಸದು ಮಾಡಿಸಲು ಹೋದಳು. ಬೆರಳಚ್ಚು ತೆಗೆದುಕೊಳ್ಳುವವನು ಗಾಜನ್ನು ಮೂರು ಸಲ ಒರೆಸಿದ, ಬೆರಳನ್ನು ನಾಲ್ಕು ಸಲ ಒರೆಸಿದ. ಕೊನೆಗೆ, "ಅಜ್ಜೀ, ನಿಮ್ಮ ಬೆರಳಲ್ಲಿ ಏನೂ ಇಲ್ಲ" ಅಂದ. ನಲವತ್ತು ವರ್ಷ ಉಜ್ಜಿದ ಬೆರಳುಗಳು. ಕಲ್ಲಿನ ಗೀರುಗಳ ಜೊತೆಗೆ ಬೆರಳಿನ ಗೆರೆಗಳೂ ಬೇಸಿನ್ನಿನ ನೀರಿಗೆ ಹೋಗಿದ್ದವು. ಅತ್ತೆ ಮನೆಗೆ ಬಂದು ಅದನ್ನು ನಗೆಮಾತಿನ ಹಾಗೆ ಹೇಳಿದಳು, "ಇನ್ಮೇಲೆ ನಾನು ಕಳ್ಳತನ ಮಾಡಿದ್ರೂ ಪೊಲೀಸರಿಗೆ ಸಿಗಲ್ಲ ಕಣ್ರೇ." ಎಲ್ಲರೂ ನಕ್ಕರು. ಗೆಸಾರೆ ನಗಲಿಲ್ಲ. ಅದೇ ತಿಂಗಳು ಅವಳ ಫೋನು ಅವಳ ಹೆಬ್ಬೆರಳನ್ನು ಗುರುತಿಸುವುದನ್ನು ಬಿಟ್ಟಿತ್ತು.

ಆವತ್ತಿನಿಂದ ಅವಳ ಕಣ್ಣು ಕೆತ್ತನೆಯ ಚಪ್ಪರದ ಹಿಂದಿದ್ದ ಚೂರಿನ ರಾಶಿಯ ಮೇಲೆ ಬಿತ್ತು. ಬಿಳಿ, ಗುಲಾಬಿ, ಬೂದು, ಬೆಣ್ಣೆಯ ಬಣ್ಣದ ಚೂರುಗಳು. ಕೆತ್ತುವವರಿಗೆ ಅವು ಕಸ. ಆ ಚೂರಿಗೆ ನೇರವಾದ ಒಂದು ತೂತು ಬಿದ್ದರೆ ಅದು ಮಣಿ. ಮಣಿಯನ್ನು ಒಂದೊಂದೇ ಹಿಡಿದು ಉಜ್ಜಬೇಕಾಗಿಲ್ಲ. ಮರಳು ನೀರು ಹಾಕಿದ ಡಬ್ಬದಲ್ಲಿ ಕುಲುಕಿದರೆ ಅವು ತಾವೇ ಒಂದನ್ನೊಂದು ನಯ ಮಾಡಿಕೊಳ್ಳುತ್ತವೆ. ಕಿಸೀ ಪೇಟೆಯಲ್ಲಿ ಸರ ಮಾರುವ ಹೆಂಗಸು ಎಷ್ಟು ಕೊಟ್ಟರೂ ತಗೊಳ್ಳುತ್ತೇನೆ ಅಂದಿದ್ದಳು. ಕೈಯಲ್ಲಿ ತಿರುಗಿಸುವ ಕೊರೆಯುಳಿಯಿಂದ ಗೆಸಾರೆ ಪ್ರಯತ್ನಿಸಿದಳು. ಹತ್ತು ಚೂರಿನಲ್ಲಿ ಏಳು ಸೀಳಿದವು. ನೇರವಾಗಿ ಇಳಿದು ನೇರವಾಗಿ ಏಳುವ ಕೈ ಬೇಕಿತ್ತು. ಅಂಥ ಕೈ ಯಂತ್ರಕ್ಕೆ ಮಾತ್ರ ಇರುತ್ತದೆ.

ಹೆಂಗಸರು ಕೂಡಿ ಕಟ್ಟುವ ಚೀಟಿಯ ಹಣ ತನ್ನ ಸರದಿಗೆ ಬಂದ ವಾರವೇ ಅವಳು ಕಿಸೀ ಪೇಟೆಗೆ ಹೋದಳು. ಜೊತೆಗೆ ಬಂದವಳು ಪಕ್ಕದ ಮನೆಯ ಮೊಕೆಯಿರಾ, ಅವಳೂ ಬೇಸಿನ್ನಿನವಳೇ.

ಕಬ್ಬಿಣದ ಸಾಮಾನಿನ ಅಂಗಡಿಯವನು ಅವರಿಬ್ಬರ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದ. "ಯಜಮಾನ್ರು ಗಾಡಿ ನಿಲ್ಲಿಸ್ತಿದ್ದಾರಾ?"

"ಯಜಮಾನಿ ಬಂದಾಯ್ತು. ಮೇಜಿನ ಮೇಲೆ ಇಡೋ ಡ್ರಿಲ್ ಮಷೀನು, ಇರೋದ್ರಲ್ಲಿ ಅಗ್ಗದ್ದು, ತೋರ್ಸು."

"ಅಮ್ಮಾ, ಅದು ಮಾಂಸ ಅರೆಯೋ ಯಂತ್ರ ಅಲ್ಲ."

"ಗೊತ್ತು. ಅರೆಯೋ ಯಂತ್ರ ಆಗಿದ್ರೆ ಮೊದ್ಲು ನಿನ್ನ ನಾಲಿಗೇನೇ ಹಾಕ್ತಿದ್ದೆ."

ಮೊಕೆಯಿರಾ ಬಾಯಿಗೆ ಹೊದ್ದ ಬಟ್ಟೆಯ ತುದಿ ಒತ್ತಿಕೊಂಡಳು. ಅಂಗಡಿಯವನು ಮೆತ್ತಗಾದ. ತೋರಿಸಲೆಂದೇ ಜೋಡಿಸಿಟ್ಟ ಒಂದು ಮಷೀನು ಗಲ್ಲಾದ ಪಕ್ಕದಲ್ಲಿತ್ತು. ಬುಡದಲ್ಲಿ ಎರಕದ ಕಬ್ಬಿಣದ ತಟ್ಟೆ, ಅದರ ಮೇಲೆ ಕಂಬ, ಕಂಬದ ನಡುವೆ ಸಣ್ಣ ಮೇಜು, ತುದಿಯಲ್ಲಿ ತಲೆ. ಬಲಗಡೆ ಮೂರು ಹಿಡಿ. ಹಿಡಿ ಎಳೆದರೆ ಕೊರೆಯುವ ದಂಡ ಇಳಿಯುತ್ತದೆ, ಬಿಟ್ಟರೆ ಏಳುತ್ತದೆ. ಗೆಸಾರೆ ದಂಡದ ತುದಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದಳು. ಅಲ್ಲಾಡಲಿಲ್ಲ. ಹಾಕಿ ತೋರಿಸು ಅಂದಳು. ತೋರಿಸಿದ. ಮೇಲಿನ ಮುಚ್ಚಳ ತೆಗೆಸಿ ಬೆಲ್ಟು ನೋಡಿದಳು, ವೇಗ ಬದಲಿಸುವುದು ಹೇಗೆಂದು ಎರಡು ಸಲ ಕೇಳಿದಳು. ಅವನು ಎರಡನೇ ಸಲ ಹೇಳುವಾಗ ನಿಟ್ಟುಸಿರು ಬಿಟ್ಟ. ಅವಳು ಮೂರನೇ ಸಲ ಕೇಳಿದಳು.

ಅದೇ ಜಾತಿಯ ಹೊಸ ಮಷೀನು ಪೆಟ್ಟಿಗೆಯಲ್ಲಿತ್ತು, ಬಿಡಿ ಬಿಡಿಯಾಗಿ. ಒಂದು ಚೀಲ ಜೋಳದ ಹಿಟ್ಟಿನಷ್ಟು ಭಾರವೂ ಇರಲಿಲ್ಲ. ಇಬ್ಬರು ಹೆಂಗಸರು ಅದನ್ನು ವ್ಯಾನಿನ ಕೊನೆಯ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ದಾರಿಯುದ್ದಕ್ಕೂ ಮೊಕೆಯಿರಾ, "ಎಲ್ಲಿಡ್ತೀಯೇ ಇದನ್ನ?" ಅನ್ನುತ್ತಿದ್ದಳು. ಗೆಸಾರೆ, "ಎಲ್ಲಾದ್ರೂ ಇಡ್ತೀನಿ ಬಿಡು" ಅಂದಳು. ಮನೆ ಅಂಗಳ ಮುಟ್ಟುವಷ್ಟರಲ್ಲಿ ಆ ಪ್ರಶ್ನೆಗೆ ಬೇರೆಯವರು ಉತ್ತರ ಕೊಟ್ಟಾಗಿತ್ತು. ಒಂಬಾಟಿ ಎದುರು ಬಂದು ಪೆಟ್ಟಿಗೆ ಇಸಕೊಂಡ. ಸಾಗ್ವೆಗೆ ಫೋನು ಹೋಯಿತು. ಸಾಗ್ವೆ ಐದು ಜನರನ್ನು ಕರೆದುಕೊಂಡು ಬಂದ. ಪೆಟ್ಟಿಗೆ ಸೀದಾ ಕೆತ್ತನೆಯ ಚಪ್ಪರಕ್ಕೆ ಹೋಯಿತು, ಗೆಸಾರೆ ಸೀದಾ ಒಲೆಗೆ.

ಈಗ ಅವಳು ಏಳು ಲೋಟದ ತಟ್ಟೆ ಹಿಡಿದು ಚಪ್ಪರಕ್ಕೆ ಬಂದಳು. ಬೆಣ್ಣೆಹಣ್ಣಿನ ಮರದ ಕೆಳಗೆ ಗೋಣಿಯ ಮೇಲೆ ಮಷೀನಿನ ಭಾಗಗಳೆಲ್ಲ ಹರಡಿದ್ದವು. ದಾರಿಯಲ್ಲಿ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯವರು ಎಲ್ಲಕ್ಕೂ ಹಳದಿ ಗ್ರೀಸು ಬಳಿದಿದ್ದರು. ಸಾಗ್ವೆ ನೆಲದಿಂದ ಹಿಡಿ ಹಿಡಿ ಕಲ್ಲುಪುಡಿ ಬಾಚಿ ಅದರ ಮೇಲೆ ಹಾಕಿ ತಿಕ್ಕುತ್ತಿದ್ದ. ತಬಾಕಾದ ಗಂಡಸರು ಮಾಡುವುದೇ ಹೀಗೆ. ಕೈಗೆ ಎಣ್ಣೆ ಹತ್ತಿದರೂ ಕಲ್ಲುಪುಡಿ, ಉಳಿಯ ಹಿಡಿ ಬೆವರಿದರೂ ಕಲ್ಲುಪುಡಿ, ಸೈಕಲ್ಲಿನ ಸರಪಳಿ ಒರೆಸಲೂ ಕಲ್ಲುಪುಡಿ. ಪುಡಿ ಎಣ್ಣೆಯನ್ನು ಹೀರುತ್ತದೆ, ಕೈ ಒಣಗಿದ ಹಾಗೆ ಕಾಣುತ್ತದೆ. ಆಮೇಲೆ ಆ ಕೈ ಒರೆಸಿಕೊಂಡ ಅಂಗಿಯನ್ನು ಒಗೆಯುವವಳಿಗೆ ಗೊತ್ತು, ಅದು ಒಣಗಿರುವುದಿಲ್ಲ. ಬಳಪದ ಪುಡಿ ಎಲ್ಲೇ ಕೂತರೂ ಅಲ್ಲಿ ಜಾರುತ್ತದೆ. ಒಗೆಯುವ ಕಲ್ಲಿನ ಹತ್ತಿರ ಅದರ ಮೇಲೆ ಕಾಲಿಟ್ಟು ಗೆಸಾರೆ ಎರಡು ಸಲ ಬಿದ್ದಿದ್ದಳು, ಒಂದು ಸಲ ಹೊಟ್ಟೆಯಲ್ಲಿ ಕೂಸಿದ್ದಾಗ. ಆ ಕೂಸು ಉಳಿಯಲಿಲ್ಲ.

ಅವಳು ತಟ್ಟೆ ಇಟ್ಟು ಸೊಂಟದಿಂದ ಹಾಳೆ ತೆಗೆದಳು. "ಭಾವ, ಈ ದಂಡಕ್ಕೆ ಪುಡಿ ಹಾಕ್ಬೇಡಿ. ಇಲ್ಲಿ ನೋಡಿ, ಚಕ್ಕು ಕೂರೋ ಜಾಗಾನ ಬಟ್ಟೇಲಿ ಒರೆಸೋ ಹಾಗೆ ಚಿತ್ರ ಇದೆ. ಎಣ್ಣೆ ಹನಿಯ ಮೇಲೆ ಅಡ್ಡಗೀಟು ಹಾಕಿದ್ದಾರೆ. ಅಲ್ಲಿ ಯಾವ ಜಾರಿಕೇನೂ ಇರ್ಬಾರದು."

ಕಲ್ಲು ಕೊರೆಯುವ ಮೊನೆಗೆ ಬಿಟ್ಟು, ಅದನ್ನು ಕಚ್ಚಿ ಹಿಡಿಯುವ ಉಕ್ಕಿನ ಮೂತಿಗೆ ಚಕ್ಕು ಅನ್ನುತ್ತಾರೆ. ಚಕ್ಕಿಗೆ ತಿರುಪಿಲ್ಲ, ಮೊಳೆಯಿಲ್ಲ. ಮೊನಚಾದ ದಂಡದ ತುದಿಗೆ ಬರೀ ಬಿಗಿಯಿಂದ ಕಚ್ಚಿಕೊಂಡು ನಿಲ್ಲಬೇಕು.

ಸಾಗ್ವೆ ಹಾಳೆಯ ಕಡೆ ನೋಡಲೂ ಇಲ್ಲ. "ಕೇಳಿದ್ರೇನ್ರೋ? ನೈರೋಬಿ ಗ್ಯಾರೇಜಲ್ಲಿ ಮೂರು ವರ್ಷ ಇದ್ದೋನಿಗೆ ಚಿತ್ರ ತೋರಿಸ್ತಾಳೆ."

ಆ ಗ್ಯಾರೇಜಿನಲ್ಲಿ ಅವನು ಮೂರು ವರ್ಷ ಕಾರು ತೊಳೆದದ್ದು ಊರಿಗೇ ಗೊತ್ತಿತ್ತು. ಆದರೂ ಎಲ್ಲರೂ ತಲೆಯಾಡಿಸಿದರು. ಒಬ್ಬ ಲೋಟದಿಂದ ಒಂದು ಗುಟುಕು ಕುಡಿದು, "ಅಮ್ಮಾ, ಸಕ್ಕರೆ ಸ್ವಲ್ಪ ಕಮ್ಮಿಯಾಯ್ತು" ಅಂದ.

ಗೆಸಾರೆ ಗಂಡನ ಮುಖ ನೋಡಿದಳು. ಒಂಬಾಟಿ ಲೋಟದೊಳಗೆ ನೋಡುತ್ತಿದ್ದ. ಅವಳು ಸಕ್ಕರೆ ತರಲು ಹೋದಳು. ತರಲು ಹೋದೆನಲ್ಲ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಬೈದುಕೊಂಡಳು.

ಮಷೀನನ್ನು ಅವರು ಕಲ್ಲಿನ ಚಪ್ಪಡಿಯ ಮೇಲೆ ನಿಲ್ಲಿಸಿದರು. ಅದೂ ಬಳಪದ ಕಲ್ಲೇ, ಬೇರೆ ಯಾವ ಕಲ್ಲು ಈ ಊರಲ್ಲಿದೆ? ಮೆತ್ತನೆಯ ಕಲ್ಲಿಗೆ ತೂತು ಹೊಡೆದು ಬೋಲ್ಟು ತಿರುವಿದರು. ಚಕ್ಕನ್ನು ದಂಡಕ್ಕೆ ಏರಿಸಿ ಸಾಗ್ವೆ ಅಂಗೈಯಲ್ಲಿ ಗುದ್ದಿದ. ಒಂಬಾಟಿಗೆ ನಲವತ್ತು ದೀಪಕಂಬದ ಬೇಡಿಕೆ ಬಂದಿತ್ತು. ಒಂದೊಂದರ ತಲೆಯಲ್ಲೂ ಮೇಣದಬತ್ತಿ ಕೂರುವಷ್ಟು ತೂತು ಬೇಕು. ಎಲ್ಲಕ್ಕಿಂತ ಚೆಂದದ ಒಂದು ಕಂಬವನ್ನು ತಂದು ಬಿಟ್ಟಿನ ಕೆಳಗಿಟ್ಟರು. ಸ್ವಿಚ್ಚು ಹಾಕಿದರು. ಮಷೀನು ಗುಂಯ್ ಅಂದಿತು. ಏಳು ಜನವೂ ಹೋ ಅಂದರು.

ಸಾಗ್ವೆ ಹಿಡಿ ಎಳೆದ. ಬಿಟ್ಟು ಕಲ್ಲಿಗೆ ತಾಗಿತು. ಮೋಟಾರು ತಿರುಗುತ್ತಲೇ ಇತ್ತು, ಬಿಟ್ಟು ನಿಂತಿತು. ಮೇಲೆ ಬೆಲ್ಟು ಕಿರ್ರೋ ಎಂದು ಕಿರುಚಿತು. "ಶಕ್ತಿ ಇಲ್ಲ ಇದಕ್ಕೆ" ಅಂದ ಸಾಗ್ವೆ. ಬೆಲ್ಟು ಬಿಗಿ ಮಾಡಿ, ಅದರ ಮೇಲೂ ಒಂದು ಚಿಟಿಕೆ ಪುಡಿ ಉದುರಿಸಿ, ಮತ್ತೆ ಎಳೆದ. ಈ ಸಲ ಚಕ್ಕು ಬಿಟ್ಟಿನ ಸಮೇತ ದಂಡದಿಂದ ಕಳಚಿ ದೀಪಕಂಬದ ತಲೆಯ ಮೇಲೆ ಬಿತ್ತು. ಕಂಬ ಎರಡಾಯಿತು. ಮತ್ತೆ ಏರಿಸಿದರು, ಮತ್ತೆ ಬಿತ್ತು. ಮೂರನೇ ಸಲಕ್ಕೆ ಬುಡದ ಬೋಲ್ಟುಗಳು ಕಲ್ಲನ್ನು ಕೊರೆದುಕೊಂಡು ಸಡಿಲಾಗಿ ಮಷೀನೇ ಕುಡಿದವನ ಹಾಗೆ ತೂಗಾಡಿತು.

ಯಾರೋ ನಕ್ಕರು. ಆ ನಗು ಸಾಗ್ವೆಗೆ ತಾಗಿತು. ಅದು ತನಗಲ್ಲ ಎಂದು ತೋರಿಸಿಕೊಳ್ಳಲು ಅವನಿಗೆ ಒಂದು ಕ್ಷಣ ಸಾಕಾಯಿತು. "ಹೆಂಗಸರನ್ನ ಪೇಟೆಗೆ ಕಳಿಸಿದ್ರೆ ಇನ್ನೇನು ಬರುತ್ತೆ? ಅಗ್ಗ ಅಂತ ತಗಡು ತಂದಿದ್ದಾಳೆ. ತಮ್ಮಾ, ಸುನೇಕಾದಲ್ಲಿ ನನಗೆ ಗೊತ್ತಿರೋನು ಒಬ್ಬನಿದ್ದಾನೆ. ಭಾನುವಾರ ಒಯ್ದು ಅವನಿಗೆ ಕೊಡ್ತೀನಿ. ಬದಲಿಗೆ ಕಲ್ಲು ಕೊಯ್ಯೋ ಒಂದು ಗ್ರೈಂಡರ್ ಕೊಡ್ತಾನೆ. ಕೆತ್ತೋಕೆ ಇಬ್ಬರಿಗೂ ಆಗುತ್ತೆ."

ಲೋಟ ಎತ್ತುತ್ತಿದ್ದ ಗೆಸಾರೆ ಅಲ್ಲೇ ನಿಂತಳು. "ಅದು ನನ್ನದು."

"ನಿನ್ನದೇ ತಾಯಿ, ಯಾರು ಇಲ್ಲ ಅಂದ್ರು? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ನನ್ನ ಒಳ್ಳೇದು ನಾನು ನೋಡ್ಕೋತೀನಿ. ಒಸೆಬೆ ಅಪ್ಪಾ, ನೀನು ಹೇಳು."

ಒಂಬಾಟಿ ಕೆಟ್ಟವನಲ್ಲ. ಅವನು ಕುಡಿಯುತ್ತಿರಲಿಲ್ಲ, ಕೈ ಎತ್ತಿದವನಲ್ಲ. ಬಾಯಿ ತೆರೆಯಬೇಕಾದ ಕಡೆ ತೆರೆಯದಿರುವುದೊಂದೇ ಅವನ ಚಟ. "ಅಣ್ಣ ಹೇಳಿದ ಮೇಲೆ ಆಯ್ತಲ್ಲ" ಅಂದ. "ಹೊತ್ತು ಮುಳುಗ್ತಿದೆ. ಸಬ್ಬತ್ತಿನ ಹೊತ್ತಿಗೆ ಜಗಳ ಬೇಡ."

ಸಬ್ಬತ್ತಿನ ಹೊತ್ತಿಗೆ ಜಗಳ ಬೇಡ, ಆದರೆ ಏಳು ಲೋಟ ತೊಳೆಯಬೇಕು. ಗೆಸಾರೆ ಲೋಟಗಳನ್ನು ಒಂದರೊಳಗೊಂದು ಎಷ್ಟು ಜೋರಾಗಿ ಹಾಕಿದಳೆಂದರೆ ಒಂದರ ಅಂಚು ಒಡೆಯಿತು. ಬೆರಳಿಗೆ ಗಾಯವಾಗಿ ರಕ್ತ ಬಂತು. ನಯವಾದ, ಗೆರೆಯಿಲ್ಲದ ಬೆರಳಿನಿಂದ ರಕ್ತ ತಡೆಯಿಲ್ಲದೆ ಜಾರಿತು.

ಶನಿವಾರ ಬೆಳಿಗ್ಗೆ ಅವಳು ಹೊಟ್ಟೆನೋವು ಅಂದಳು. ಅತ್ತೆ ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಹೊಟ್ಟೆಯೋ ತಲೆಯೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೈಬಲ್ಲು ಹಿಡಿದು ಚರ್ಚಿಗೆ ಹೊರಟಳು. ಒಂಬಾಟಿಯೂ ಹೋದ. ಇಸ್ತ್ರಿ ಮಾಡಿದ ಅಂಗಿ ದಿಬ್ಬದ ಆಚೆ ಮರೆಯಾಗುವವರೆಗೆ ಗೆಸಾರೆ ನೋಡುತ್ತ ನಿಂತಳು. ಆಮೇಲೆ ಚಪ್ಪರಕ್ಕೆ ಹೋಗಿ ಬೋಲ್ಟುಗಳನ್ನು ಬೆರಳಲ್ಲೇ ಬಿಚ್ಚಿದಳು. ಅಷ್ಟು ಸಡಿಲಾಗಿದ್ದವು. ತಲೆ ಒಂದು ಸಲ, ಕಂಬ ಒಂದು ಸಲ, ತಟ್ಟೆಯೂ ಮೇಜೂ ಒಂದು ಸಲ, ಹೀಗೆ ಮೂರು ಸುತ್ತಿನಲ್ಲಿ ಮಷೀನು ಅಡುಗೆ ಗುಡಿಸಲು ಸೇರಿತು.

ಸಬ್ಬತ್ತಿನ ದಿನ ಕೆಲಸ ಮಾಡುವುದು ಪಾಪ. ಆದರೆ ತೊಳೆಯುವುದು, ಒರೆಸುವುದು, ಹೆಂಗಸು ಮಾಡಿದಾಗ ಯಾರ ಲೆಕ್ಕಕ್ಕೂ ಕೆಲಸವಾಗಿರಲಿಲ್ಲ. ದೇವರೂ ಹಾಗೇ ತಿಳಿದುಕೊಳ್ಳಲಿ ಎಂದು ಅವಳು ಸಿಟ್ಟಿನಿಂದಲೇ ಅಂದುಕೊಂಡಳು.

ಗ್ರೀಸೂ ಪುಡಿಯೂ ಸೇರಿ ದಂಡದ ಮೇಲೆ ಹಿಟ್ಟಿನ ಹಾಗೆ ಮೆತ್ತಿಕೊಂಡಿತ್ತು. ಅವಳು ಚಿಂದಿಗೆ ಸೀಮೆಎಣ್ಣೆ ಹಾಕಿ ಅದನ್ನು ಎಬ್ಬಿಸಿದಳು. ಬಿಸಿನೀರು ಸೋಪಿನಲ್ಲಿ ಹಿಂಡಿದ ಬಟ್ಟೆಯಿಂದ ಸೀಮೆಎಣ್ಣೆಯ ಜಿಡ್ಡು ತೆಗೆದಳು. ಒಣಬಟ್ಟೆಯಿಂದ ಒರೆಸಿದಳು. ಕೂಸಿನ ಕಿವಿ ಒರೆಸುವ ಹಾಗೆ ಬಟ್ಟೆಯ ತುದಿ ಹೊಸೆದು ಚಕ್ಕಿನ ಒಳಗಿನ ಕುಳಿಯನ್ನೂ ಒರೆಸಿದಳು. ಬೆಲ್ಟು ತೊಳೆದು ಬಿಸಿಲಿಗೆ ಹಾಕಿದಳು. ಕೊನೆಗೆ ದಂಡ ಸ್ವಚ್ಛವಾಯಿತೋ ಇಲ್ಲವೋ ನೋಡಬೇಕಾಗಿತ್ತು. ಅದನ್ನು ಹೇಳುವ ಬೆರಳು ಅವಳಿಗೆ ಉಳಿದಿರಲಿಲ್ಲ. ಉಜ್ಜುವ ಹೆಂಗಸರೆಲ್ಲ ಮಾಡುವ ಹಾಗೆ ಅವಳು ಬಗ್ಗಿ ಕೆಳತುಟಿಯನ್ನು ಉಕ್ಕಿಗೆ ತಾಗಿಸಿದಳು. ತುಟಿ ಜಾರಿತು. ಮತ್ತೆ ಒರೆಸಿದಳು. ಇನ್ನೂ ಸ್ವಲ್ಪ ಜಾರಿತು. ಮತ್ತೆ ಒರೆಸಿದಳು. ನಾಲ್ಕನೇ ಸಲ ತುಟಿ ಉಕ್ಕಿಗೆ ಕಚ್ಚಿ ನಿಂತಿತು.

ಪಾತ್ರೆ ಇಡುವ ನೀಲಗಿರಿ ಮರದ ಹಲಗೆ ನಾಲ್ಕು ಬೆರಳು ದಪ್ಪವಿತ್ತು. ಬೆಂಕಿಯಲ್ಲಿ ಸಲಾಕೆ ಕೆಂಪಗೆ ಕಾಯಿಸಿ ಅದಕ್ಕೆ ತೂತು ಸುಟ್ಟು, ಬುಡದ ತಟ್ಟೆಯನ್ನು ಬೋಲ್ಟು ಹಾಕಿ ಬಿಗಿದಳು. ಹಾಳೆಯ ಚಿತ್ರದಲ್ಲಿದ್ದಂತೆ ಚಕ್ಕಿನ ಹಲ್ಲುಗಳನ್ನು ಪೂರ್ತಿ ಒಳಕ್ಕೆಳೆದು ದಂಡಕ್ಕೆ ಏರಿಸಿ, ಮುದ್ದೆ ತಿರುವುವ ಕೋಲಿನ ಬುಡದಿಂದ ಕೆಳಗಿನಿಂದ ಮೇಲಕ್ಕೆ ಮೂರು ಪೆಟ್ಟು ಕೊಟ್ಟಳು. ಮೊದಲನೆಯದು ಯಂತ್ರಕ್ಕೆ. ಎರಡನೆಯದು ಸಾಗ್ವೆಗೆ. ಮೂರನೆಯದು, ಎಲ್ಲಕ್ಕಿಂತ ಜೋರಾದದ್ದು, ಲೋಟದೊಳಗೆ ನೋಡುತ್ತಿದ್ದವನಿಗೆ. ಆಮೇಲೆ ಚಕ್ಕಿಗೆ ಎರಡು ಕೈ ಹಾಕಿ ಜೋತುಬಿದ್ದಳು. ಬರಲಿಲ್ಲ.

ಭಾನುವಾರ ಬೆಳಿಗ್ಗೆ ಸಾಗ್ವೆ ಬಾಡಿಗೆ ಮೋಟರ್‌ಸೈಕಲ್ಲಿನಲ್ಲಿ ಬಂದಾಗ ಚಪ್ಪಡಿಯ ಮೇಲೆ ನಾಲ್ಕು ತೂತು ಮಾತ್ರ ಇದ್ದವು. ಅಡುಗೆ ಗುಡಿಸಲಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಮನೆಯ ಕಿಟಕಿಯಿಂದ ಒಂದು ವೈರು ಅಂಗಳ ದಾಟಿ ಗುಡಿಸಲಿನ ಒಳಗೆ ಹೋಗಿತ್ತು. ಒಳಗೆ ಗೆಸಾರೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಮರದ ತುಂಡಿನ ಗೂಡಿನಲ್ಲಿ ಗುಲಾಬಿ ಚೂರೊಂದನ್ನು ಬಿಗಿದು, ಹಿಡಿ ಎಳೆಯುತ್ತಿದ್ದಳು. ಬಿಟ್ಟು ಇಳಿದಲ್ಲಿ ಬಿಳಿಪುಡಿ ಸುರುಳಿ ಸುರುಳಿಯಾಗಿ ಮೇಲೆ ಬರುತ್ತಿತ್ತು. ಹಲಗೆಯ ಮೇಲೆ ಮೂವತ್ತಾರು ಮಣಿಗಳಾಗಿದ್ದವು. ಸೀಳಿದ್ದು ಎರಡು.

"ಏನಮ್ಮಾ ಇದು? ಕಬ್ಬಿಣದ ಮಷೀನು ತಂದು ಒಲೆ ಪಕ್ಕ ಇಟ್ಟಿದ್ದೀಯಾ?" ಸಾಗ್ವೆ ಬಾಗಿಲ ಮುಂದೆ ನಿಂತು ಕೂಗಿದ.

ಗೆಸಾರೆ ಮಷೀನು ನಿಲ್ಲಿಸಲಿಲ್ಲ. "ಶಕ್ತಿ ಇಲ್ಲದ ತಗಡಲ್ವಾ ಭಾವ? ತಗಡಿನ ಜಾಗ ಅಡುಗೆಮನೇನೇ."

"ಆಚೆ ತಗೊಂಡು ಬಾ."

"ಬೇಕಾದೋರು ಒಳಗೆ ಬಂದು ತಗೊಂಡು ಹೋಗ್ಲಿ."

ಅತ್ತೆ ಹೊಸ್ತಿಲ ಪಕ್ಕದ ಕಲ್ಲಿನ ಮೇಲೆ ಸೊಪ್ಪು ಸೋಸುತ್ತ ಕೂತಿದ್ದಳು. ಬೆಳಗಿನಿಂದ ಅವಳೂ ಸೊಸೆಗೆ ಬೈದಿದ್ದಳು. ಸಬ್ಬತ್ತಿನ ದಿನ ಕಬ್ಬಿಣ ಮುಟ್ಟಿದವಳು, ಮುದ್ದೆ ಕೋಲಿನಿಂದ ಯಂತ್ರ ಬಡಿದವಳು, ಗಂಡನ ಅಣ್ಣನಿಗೆ ಎದುರಾಡಿದವಳು. ಸೊಸೆಯ ಪರವಾಗಿ ಒಂದು ಮಾತೂ ಅವಳ ಬಾಯಿಂದ ಬಂದಿರಲಿಲ್ಲ. ಆದರೆ ಸಾಗ್ವೆಯ ಬೂಟುಗಾಲು ಹೊಸ್ತಿಲ ಮೇಲೆ ಎದ್ದದ್ದನ್ನು ನೋಡಿ ಅವಳ ಕೈಯ ಸೊಪ್ಪು ಕೆಳಗೆ ಬಿತ್ತು.

"ಕಾಲು!"

ಸಾಗ್ವೆಯ ಕಾಲು ಗಾಳಿಯಲ್ಲೇ ನಿಂತಿತು.

"ಎಲ್ಲಿಗೋ ಹೋಗ್ತಿದ್ದೀಯಾ? ನಿನಗೆ ಸುನ್ನತಿ ಮಾಡಿಸಿ ಗಂಡಸರ ಸಾಲಿಗೆ ಸೇರಿಸಿ ಎಷ್ಟು ವರ್ಷ ಆಯ್ತು? ಗಂಡಸಾದ ಮೇಲೆ ನನ್ನ ಒಲೆ ಹತ್ತಿರಾನೇ ಬಂದಿಲ್ಲ ನೀನು. ಜ್ವರ ಬಂದು ನಾನು ಬಿದ್ದಿದ್ದಾಗ ಒಂದು ಲೋಟ ನೀರಿಗೂ ಬಂದಿಲ್ಲ, ನಮ್ಮ ಪದ್ಧತಿ ಅಲ್ಲ ಅಂದೆ. ಈಗ ತಮ್ಮನ ಹೆಂಡತಿ ಅಡುಗೆಮನೆಗೆ ನುಗ್ತೀಯಾ?"

"ಅವ್ವಾ, ಮಷೀನು..."

"ಮಷೀನಾದ್ರೂ ಸರಿ, ಬಂಗಾರ ಆದ್ರೂ ಸರಿ. ನನ್ನ ಮಗ ಒಲೆ ಪಕ್ಕ ನಿಂತಿದ್ದ ಅಂತ ನಾಳೆ ನೀರು ತರೋ ಹೆಂಗಸರ ಬಾಯಲ್ಲಿ ನಾನು ಕೇಳಲ್ಲ. ಅಷ್ಟು ಆಸೆ ಇದ್ರೆ ಬಾ. ಬಂದೋನು ಹಾಗೇ ಒಲೆ ಊದು, ಮುದ್ದೆ ತಿರುವು, ಏಳು ಜನಕ್ಕೆ ಬಡಿಸು, ಆಮೇಲೆ ತಗೊಂಡು ಹೋಗು."

ಮೋಟರ್‌ಸೈಕಲ್ಲಿನವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಸಾಗ್ವೆ ಕಾಲು ಹಿಂದೆ ತೆಗೆದ. "ಅಲ್ಲೇ ಕೊಳೀಲಿ! ಇವಳಿಗೆ ಕಲ್ಲು ಯಾರು ಕೊಡ್ತಾರೋ ನಾನೂ ನೋಡ್ತೀನಿ" ಎಂದು ಕೂಗುತ್ತ ಹೋದ. ಕಸದ ರಾಶಿಯಿಂದ ಆಯುವವಳಿಗೆ ಯಾರೂ ಕಲ್ಲು ಕೊಡಬೇಕಾಗಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಗೆಸಾರೆ ಅತ್ತೆಯ ಕಡೆ ನೋಡಿದಳು. ಅತ್ತೆ ಬಿದ್ದ ಸೊಪ್ಪು ಆಯುತ್ತ, "ನನ್ನನ್ನ ಹಾಗೆ ನೋಡ್ಬೇಡ. ನೀನು ಮಾಡಿದ್ದು ಸರಿ ಅಂತ ನಾನು ಹೇಳಿಲ್ಲ" ಅಂದಳು. ಸ್ವಲ್ಪ ಹೊತ್ತಾದ ಮೇಲೆ ಒಂದು ಮಣಿ ಎತ್ತಿ, ಕೆಳತುಟಿಗೆ ತಾಗಿಸಿ, ಇಟ್ಟಳು.

ಒಂಬಾಟಿ ಮೂರು ದಿನ ತಡೆದುಕೊಂಡ. ಕೈಕೊರೆಯುಳಿಯಿಂದ ದೀಪಕಂಬಗಳಿಗೆ ತೂತು ಹಾಕಿದ. ಆರು ಸೀಳಿದವು. ಆ ಮೂರು ದಿನವೂ ಗೆಸಾರೆ ಅಡುಗೆ ಮಾಡಿದಳು, ಬಡಿಸಿದಳು. ಬೇಸಿನ್ನನ್ನು ಮಾತ್ರ ಮುಟ್ಟಲಿಲ್ಲ. ಉಜ್ಜಬೇಕಾದ ಆನೆ, ಜಿರಾಫೆಗಳು ಅಂಗಳದಲ್ಲಿ ಗೀರು ಗೀರಾಗಿ ಬಿದ್ದಿದ್ದವು. ಬುಧವಾರ ಮಧ್ಯಾಹ್ನ ಅವನು ನಾಲ್ಕು ದೀಪಕಂಬಗಳನ್ನು ತಂದು ಅಡುಗೆಮನೆಯ ಹೊಸ್ತಿಲ ಮೇಲೆ ಸಾಲಾಗಿ ಇಟ್ಟು ಹೊರಗೇ ನಿಂತ.

"ಒಸೆಬೆ ಅಮ್ಮಾ. ಶುಕ್ರವಾರದೊಳಗೆ ಕೊಡ್ಬೇಕು. ಸ್ವಲ್ಪ ಸಹಾಯ ಮಾಡು."

ಗೆಸಾರೆ ಸ್ವಿಚ್ಚು ಆರಿಸಿದಳು. ಮೂಗಿನ ಬಟ್ಟೆ ಕೆಳಗಿಳಿಸಿದಳು.

"ಸಹಾಯ ಮಾಡೋಳು ಶುಕ್ರವಾರ ಸತ್ತುಹೋದ್ಳು. ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಿ ಸತ್ತಳು. ಈಗ ಇರೋಳು ತೂತು ಕೊರೆಯೋಳು."

"ಸಿಟ್ಟು ಇನ್ನೂ ಇಳಿದಿಲ್ವಾ?"

"ಇಳಿಯೋಕೆ ಇದೇನು ಹಾಲಾ? ಕೇಳು. ನಿನ್ನ ಉಳಿದ ಕಂಬಕ್ಕೆಲ್ಲ ನಾನು ತೂತು ಹಾಕ್ತೀನಿ. ಉಜ್ಜೋದು ನಾನಲ್ಲ. ಬೇಸಿನ್ನು ಅಲ್ಲಿದೆ, ಕಾಗದ ಅದರ ಪಕ್ಕದಲ್ಲಿದೆ."

"ನಾನಾ? ಅಂಗಳದಲ್ಲಿ ಕೂತ್ಕೊಂಡಾ? ದಾರಿಯಲ್ಲಿ ಹೋಗೋರು ನೋಡ್ತಾರೆ."

"ಹದಿನೆಂಟು ವರ್ಷ ನನ್ನನ್ನ ನೋಡಿದ್ದಾರೆ. ಯಾರ ಕಣ್ಣೂ ಹೋಗಿಲ್ಲ."

ಅವಳು ಮತ್ತೆ ಬಟ್ಟೆ ಕಟ್ಟಿಕೊಂಡು ಸ್ವಿಚ್ಚಿನ ಮೇಲೆ ಬೆರಳಿಟ್ಟಳು, ಆದರೆ ಒತ್ತಲಿಲ್ಲ. ಹೊಸ್ತಿಲ ಮೇಲಿನ ಕಂಬಗಳನ್ನೂ ಎತ್ತಿಕೊಳ್ಳಲಿಲ್ಲ. ಒಂಬಾಟಿ ಚಪ್ಪರದ ಕಡೆ ನೋಡಿದ, ದಾರಿಯ ಕಡೆ ನೋಡಿದ, ಅತ್ತ ಅವ್ವ ಕೂತಿದ್ದಾಳೋ ಎಂದು ನೋಡಿದ. ಅವಳು ಅಲ್ಲೇ ಇದ್ದಳು, ಮಗನನ್ನೇ ನೋಡುತ್ತ. ಕೊನೆಗೆ ಅವನು ಅಂಗಿಯ ತೋಳು ಮಡಚಿ ಗೆಸಾರೆಯ ಮೋಟು ಮಣೆಯ ಮೇಲೆ ಕುಕ್ಕರಿಸಿದ. ಒಂದು ಆನೆಯನ್ನು 'ಒಂಬಾಟಿ' ಎಂದು ಗೀಚಿದ್ದ ತಳ ಮೇಲಾಗಿ ಹಿಡಿದುಕೊಂಡು ಎರಡೂ ಕೈಯನ್ನು ಬೇಸಿನ್ನಿನೊಳಗೆ ಇಳಿಸಿದ. ಫಕ್ಕನೆ ಹೊರಗೆಳೆದ.

"ಅಬ್ಬಾ! ನೀರು ಎಷ್ಟು ತಣ್ಣಗಿದೆ!"

"ಹದಿನೆಂಟು ವರ್ಷದಿಂದ ತಣ್ಣಗೇ ಇದೆ" ಎಂದಳು ಗೆಸಾರೆ. ಅವನ ಕೈ ಮತ್ತೆ ನೀರಿಗೆ ಇಳಿಯುವವರೆಗೆ ಕಾದಳು. ಆಮೇಲೆ ಹೊಸ್ತಿಲಿನಿಂದ ಮೊದಲನೆಯ ಕಂಬವನ್ನು ಎತ್ತಿಕೊಂಡಳು.